ಪೇರಲ ಪೊದೆಯಡಿಯ ಹನ್ನೊಂದು ಸಸಿಗಳು

ಮಾರಿಷಸ್‌ಗೆ ಹೋಗಿಬಂದೆವು ಎಂದು ತಿಳಿದ ಮೇಲೆ ರಾಯಚೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಕೇಳುವುದು ಸಮುದ್ರದ ಫೋಟೋ. ಸಮುದ್ರ ನೋಡಿದೆವು, ಇಲ್ಲವೆನ್ನುವುದಿಲ್ಲ. ಬಸ್ಸಿನ ಕಿಟಕಿಯಿಂದ, ಎರಡು ಸಲ. ನನ್ನ ಫೋನಿನ ತುಂಬ ಇರುವುದು ಗೇಣುದ್ದದ ಹನ್ನೊಂದು ಸಸಿಗಳ ಫೋಟೋ. ಎದುರಿನಿಂದ, ಮೇಲಿನಿಂದ, ಬಿಸಿಲಲ್ಲಿ, ನೆರಳಲ್ಲಿ. ನಾಲ್ಕೈದು ನೋಡುವಷ್ಟರಲ್ಲಿ ಜನ "ಚಂದ ಅದಾವ್ರೀ ಟೀಚರ್" ಎಂದು ಫೋನು ಕೈಗೆ ಕೊಟ್ಟು ಚಹಾದ ಕಪ್ಪು ಎತ್ತಿಕೊಳ್ಳುತ್ತಾರೆ. ವಿಮಾನ ಹತ್ತಿ ಹೋಗಿ ಇದನ್ನೇನು ನೋಡಿ ಬಂದಳೋ ಎಂಬುದು ಮುಖದ ಮೇಲೆ ಬರೆದಿರುತ್ತದೆ. ಉತ್ತರ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಒಮ್ಮೆ ಬರೆದುಬಿಟ್ಟರೆ, ಬೇಕಾದವರು ಓದಿಕೊಳ್ಳಲಿ.

ಹಿರೇಕೊಟ್ನೆಕಲ್

ನಾನು ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ಅಕ್ಕ ಹುಲಿಗೆಮ್ಮ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಲ್ಲಿ ಹೊಲದ ಕೆಲಸ ಮಾಡಿಕೊಂಡಿರುವವಳು. ನಿವೃತ್ತಿ ಎಂಬ ಮಾತು ಕೇಳಿದರೆ ನಗುತ್ತಾಳೆ. ಕಳೆ ತೆಗೆಯುವುದರಲ್ಲಿ ಅವಳ ಸಾಲಿಗೆ ಸಾಲು ಕೊಡುವವರು ಆ ಸುತ್ತಿನಲ್ಲಿ ಇಲ್ಲ. ಅದರಲ್ಲೂ ಬಳ್ಳಾರಿ ಜಾಲಿ. ಹೊಲದ ಬದು, ಕಾಲುವೆಯ ದಂಡೆ, ಶಾಲೆಯ ಮೈದಾನ, ಎಲ್ಲಿ ಒಂದು ಮಳೆಗಾಲ ನೀವು ಕಣ್ಣು ಮುಚ್ಚಿದಿರೋ ಅಲ್ಲಿ ಬಂದು ಕೂರುವ ಮುಳ್ಳಿನ ಪೊದೆ ಅದು. ಹೊರಗಿನಿಂದ ಬಂದದ್ದು, ಹೋಗು ಎಂದರೆ ಹೋಗದ್ದು. ಅಕ್ಕನಿಗೂ ಅದಕ್ಕೂ ಆಯುಷ್ಯದ ಹಗೆ. ಅದನ್ನು ಕಡಿದೇ ನನ್ನನ್ನು ಓದಿಸಿದಳು, ಆಮೇಲೆ ಮಗಳು ಗೌತಮಿಯನ್ನು ಓದಿಸಿದಳು. ಪಾಸ್‌ಪೋರ್ಟಿಗೆ ಬೆರಳಚ್ಚು ಕೊಡುವಾಗ ಯಂತ್ರಕ್ಕೆ ಅವಳ ಬೆರಳೇ ಸಿಗಲಿಲ್ಲ. ಗೆರೆಗಳೆಲ್ಲ ಸವೆದಿದ್ದವು.

"ನಮ್ಮೂರ ರೇಷನ್ ಅಂಗಡಿ ಮಿಷನ್ನೂ ಹಿಂಗ ಮಾಡ್ತದವ್ವಾ," ಎಂದು ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಗೆ ಅವಳೇ ಸಮಾಧಾನ ಹೇಳಿದಳು. "ಇನ್ನೊಮ್ಮೆ ಒರಸಿ ಒತ್ತಿ ನೋಡು. ಹಿಡೀತದ, ಅವಸರ ಮಾಡಬ್ಯಾಡ."

ಹಿಡಿಯಿತು, ಐದನೆಯ ಸಲಕ್ಕೆ.

ಗೌತಮಿ ಮೂರು ವರ್ಷದಿಂದ ಮಾರಿಷಸ್ ದ್ವೀಪದ ಒಂದು ಗುಡ್ಡದಲ್ಲಿ ಕಾಡು ಗಿಡಗಳ ಸಂಶೋಧನೆ ಮಾಡುತ್ತಿದ್ದಾಳೆ. ಯುಗಾದಿ ಮುಗಿಸಿಕೊಂಡು ಇಬ್ಬರೂ ಬರ್ರಿ, ಮೂರು ವಾರ ಇದ್ದು ಹೋಗ್ರಿ ಎಂದು ಅವಳೇ ಕರೆದದ್ದು. ನಾನು ಗಂಟು ಕಟ್ಟಲು ಹಿರೇಕೊಟ್ನೆಕಲ್ಲಿಗೆ ಹೋದರೆ, ಅಕ್ಕ ಖಡಕ್ ರೊಟ್ಟಿಯ ಪೊಟ್ಟಣದ ಕೆಳಗೆ ಹಳೆಯ ಸೀರೆಯಲ್ಲಿ ಸುತ್ತಿದ ಏನನ್ನೋ ಇಡುತ್ತಿದ್ದಳು. ಬಿಚ್ಚಿ ನೋಡಿದೆ. ಕುಡುಗೋಲು.

"ಅಕ್ಕಾ, ನಾವು ಊರು ನೋಡಾಕ ಹೊಂಟೀವಿ, ಕೊಯ್ಲಿಗಲ್ಲ!"

"ಮಗಳು ಮೂರು ವರ್ಷ ಅಡವ್ಯಾಗ ದುಡದಾಳ. ಉಣ್ಣಾಕ ಹೋಗಿ ಬರೇ ಉಂಡು ಬರಬೇಕೇನು? ಅಜ್ಜಿ ಏನು ಕಲಿಸ್ಯಾಳ ನಿನಗ?"

ಅಜ್ಜಿ ಕಲಿಸಿದ್ದು ನನಗೂ ನೆನಪಿತ್ತು. ಬೀಗರ ಊರಿಗೆ ಹೋದರೆ ಎರಡನೆಯ ದಿನ ಅವರ ಹೊಲಕ್ಕೆ ಹೋಗಿ ಒಂದು ಸಾಲಾದರೂ ಕಳೆ ತೆಗೆಯಬೇಕು. ಇಲ್ಲವಾದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಈ ಸಲ ನಾನು ನಿನ್ನ ಹೊಲಕ್ಕೆ, ಮುಂದಿನ ಸಲ ನೀನು ನನ್ನ ಹೊಲಕ್ಕೆ. ಮುಯ್ಯಾಳು ಎನ್ನುತ್ತೇವೆ ಇದಕ್ಕೆ. ಕೇಳಿ ಮಾಡುವುದಲ್ಲ, ಹೇಳಿಸಿಕೊಂಡು ಮಾಡುವುದೂ ಅಲ್ಲ. ಕೇಳಿದರೆ ಮನೆಯವರು ಬೇಡ ಎನ್ನಲೇಬೇಕಾಗುತ್ತದೆಯಲ್ಲ! ಅದಕ್ಕೇ ಕೇಳದೆ ಮಾಡುವುದು ಮರ್ಯಾದೆ. ಈ ಮರ್ಯಾದೆಯೇ ಮುಂದೆ ನಮ್ಮನ್ನು ಕೊಂದದ್ದು.

ವಿಮಾನ ನಿಲ್ದಾಣ

ದ್ವೀಪದ ವಿಮಾನ ನಿಲ್ದಾಣದಲ್ಲಿ ಕೈಗವಸು ಹಾಕಿಕೊಂಡ ಒಬ್ಬ ಅಧಿಕಾರಿಣಿ ನಮ್ಮ ಗಂಟು ಬಿಚ್ಚಿದಳು. ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದು ಮೂಗಿಗೆ ಹಿಡಿದು ಮೂರು ಸಲ ಸೀನಿ, ಗೌರವದಿಂದ ಮುಚ್ಚಿಟ್ಟಳು. ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದಳು. ಆಮೇಲೆ ಕರಿಬೇವಿನ ಸೊಪ್ಪು ಸಿಕ್ಕಿತು. ಅದರ ಕೆಳಗೆ ಬದನೆ ಬೀಜ, ಹೀರೆ ಬೀಜ, ಅವರೆ ಬೀಜ; ಅಕ್ಕ ಒಂದೊಂದನ್ನೂ ಚಿಂದಿಯಲ್ಲಿ ಗಂಟು ಹಾಕಿ ತಂದಿದ್ದಳು. ಎಲ್ಲವೂ ಒಂದು ಕೆಂಪು ತೊಟ್ಟಿಗೆ ಹೋದವು.

"ಏ ಯವ್ವಾ, ಮೂರು ತಲಿಯಿಂದ ಇಟ್ಕೊಂಡ ಬದನಿ ಬೀಜ ಅವು!"

ನಾನು ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಆಕೆ ಇಂಗ್ಲಿಷಿನಲ್ಲಿ ಬಲು ನಯವಾಗಿ ಇಲ್ಲವೆಂದಳು. ಹೊರಗಿನ ಬೀಜ ಈ ನೆಲಕ್ಕೆ ಅಪಾಯವಂತೆ. ಕೊನೆಗೆ ಸೀರೆ ಬಿಚ್ಚಿದಳು, ಕುಡುಗೋಲು ಹೊರಬಂತು. ಮುಗಿಯಿತು, ಪೊಲೀಸರು ಬಂದರು ಎಂದುಕೊಂಡೆ. ಆಕೆ ಅಲಗನ್ನು ನೋಡಲೇ ಇಲ್ಲ. ಹಿಡಿಕೆಯ ಬುಡದಲ್ಲಿ ಒಣಗಿ ಅಂಟಿದ್ದ ಒಂದು ಚಿಟಿಕೆ ನಮ್ಮೂರ ಎರೆಮಣ್ಣನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಕುಡುಗೋಲನ್ನು ಒಳಗೆ ಒಯ್ದು, ಬ್ರಷ್ಷಿನಲ್ಲಿ ಉಜ್ಜಿ, ಔಷಧ ಹಾಕಿ ತೊಳೆದು, ಕಾಗದದಲ್ಲಿ ಒರೆಸಿ, ಎರಡೂ ಕೈಯಿಂದ ಅಕ್ಕನಿಗೆ ಕೊಟ್ಟಳು. ಹೊಸದಾಗಿ ಮಸೆದ ಹಾಗೆ ಹೊಳೆಯುತ್ತಿತ್ತು. ಆಯುಧ ಬರಲಿ, ಮಣ್ಣು ಬರಬಾರದು. ಹೀಗೂ ಒಂದು ದೇಶ.

ಗೌತಮಿ ಹೊರಗೆ ಕಾಯುತ್ತಿದ್ದಳು. ಊರಿನ ದಾರಿಯುದ್ದಕ್ಕೂ ಅಕ್ಕ ಕಿಟಕಿಯಲ್ಲಿ ಕಂಡದ್ದನ್ನೆಲ್ಲ ತೋರಿಸಿ ಕೇಳಿದಳು. ಈ ಕಬ್ಬು ಇಲ್ಲೀದೇನು? ಅಲ್ಲ, ಹೊರಗಿಂದು. ಆ ಗೊರವಂಕ? ಅದೂ ಹೊರಗಿಂದು. ಮಂಗ? ಹಡಗಿನವರು ತಂದದ್ದು. ಜಿಂಕೆ? ಅದೂ. ಮಾವಿನ ಮರ?

"ಯವ್ವಾ, ದಾರ್ಯಾಗ ಕಾಣೋದು ಹೆಚ್ಚೂಕಡಿಮಿ ಎಲ್ಲಾ ಬಂದದ್ದ. ಇಲ್ಲೀವು ಅಂದ್ರ ಗುಡ್ಡದಾಗ ಒಂದೀಟು ಉಳದಾವ."

"ಅಂದ್ರ ಎಲ್ಲಾರೂ ಒಳಗ ಬಂದ ಮ್ಯಾಲೆ ಬಾಗಿಲ ಹಾಕ್ಯಾರ," ಎಂದಳು ಅಕ್ಕ. "ಅದೂ ನನ್ನ ಬದನಿ ಬೀಜದ ಮುಖಕ್ಕ."

ಆ ತೊಟ್ಟಿಯ ನೆನಪು ಮೂರು ದಿನ ಹೋಗಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಬದನೆಕಾಯಿಯ ಸುದ್ದಿ.

ಸೂಕನ್ ಮಾಮನ ಮನೆ

ಗೌತಮಿ ಇರುವುದು ಗುಡ್ಡದ ಬುಡದ ಹಳ್ಳಿಯಲ್ಲಿ, ಸೂಕನ್ ಎಂಬವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಅವರ ಮುತ್ತಜ್ಜ ಬಿಹಾರದ ಕಡೆಯಿಂದ ಕಬ್ಬಿನ ತೋಟಕ್ಕೆ ಬಂದವನಂತೆ. ಈಗ ಅವರು ಗುಡ್ಡದಲ್ಲಿ ಪೊದೆ ಕಡಿಯುವ ಆಳುಗಳ ಮುಂದಾಳು. ಮನೆಯಲ್ಲಿ ಭೋಜಪುರಿ ಮಾತು. ನಾನು ಪರೀಕ್ಷೆ ಕಟ್ಟಿ ಕಲಿತ ಹಿಂದಿಯಲ್ಲಿ ಮಾತಾಡಿದರೆ ಅವರು ರೇಡಿಯೋ ಕೇಳುವವರ ಹಾಗೆ ಕೂರುತ್ತಿದ್ದರು. ಅಕ್ಕ ರಾಯಚೂರಿನ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಮಾರುತ್ತ ಕಲಿತ ದಖನಿಯಲ್ಲಿ "ಕ್ಯಾ ಭಾಯ್, ಕೈಸೇ ಹೈ?" ಎಂದದ್ದೇ ತಡ, ಇಬ್ಬರೂ ಹಿಂದಿನ ಜನ್ಮದ ಪರಿಚಯದವರ ಹಾಗೆ ಶುರುವಾದರು. ಅರ್ಧ ಅರ್ಥವಾಗುತ್ತಿತ್ತು, ಪೂರ್ತಿ ತಲೆಯಾಡಿಸುತ್ತಿದ್ದರು. ನಡುವೆ ಭಾಷಾಂತರ ಮಾಡಲು ಹೋದರೆ ಇಬ್ಬರೂ ನನ್ನನ್ನು ಸುಮ್ಮನಿರಿಸುತ್ತಿದ್ದರು.

ಮೊದಲ ಸಂಜೆ ಅವರ ಹೆಂಡತಿ ದಾಲ್ ಪುರಿ ಕೊಟ್ಟರು. ನೋಡಲು ಥೇಟು ನಮ್ಮ ಹೋಳಿಗೆ. ತೆಳ್ಳಗೆ, ಹಳದಿ, ಒಳಗೆ ಕಡಲೆಬೇಳೆ. ಅಕ್ಕ ಕಣ್ಣು ಮುಚ್ಚಿ ಬೆಲ್ಲದ ಆಸೆಯಲ್ಲಿ ದೊಡ್ಡ ತುತ್ತು ಕಚ್ಚಿದಳು. ಒಳಗೆ ಉಪ್ಪು, ಹಸಿಮೆಣಸಿನ ಚಟ್ನಿ.

"ಪಾಪ," ಎಂದಳು ನನ್ನ ಕಿವಿಯಲ್ಲಿ, "ಇಷ್ಟು ತಲಿ ಆದ ಮ್ಯಾಲೆ ಹೋಳಿಗಿ ಮಾಡೋದು ನೆನಪದ, ಬೆಲ್ಲ ಹಾಕೋದು ಮರತಾರ." ನಾಲ್ಕು ತಿಂದಳು.

ಅಂಗಳದಲ್ಲಿ ಒಂದು ಬುಟ್ಟಿ ತುಂಬ ಕೆಂಪು ಹಣ್ಣು. ಗೋಲಿಗಿಂತ ಸ್ವಲ್ಪ ದೊಡ್ಡವು, ವಾಸನೆ ಮಾತ್ರ ಪೇರಲದ್ದು. ಕುಟ್ಟಿದ ಮೆಣಸು, ಉಪ್ಪು ಸವರಿ ತಿನ್ನುತ್ತಾರೆ. ಈ ಕಾಲದಲ್ಲಿ ಊರಿಗೆ ಊರೇ ಗುಡ್ಡ ಹತ್ತಿ ಇದನ್ನು ಬಿಡಿಸುತ್ತದೆ, ದಾರಿಯ ಬದಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತದೆ. ಇಡೀ ಗುಡ್ಡವನ್ನು ತಿಂದಿರುವ ಪೊದೆ ಇದೇ ಎಂದು ಗೌತಮಿ ಹೇಳಿದಾಗ ನನಗೆ ತಲೆ ಕೆಟ್ಟಿತು.

"ಇದನ್ನ ಚೀನಾ ಪೇರಲ ಅಂತಾರ ಚಿಗವ್ವ. ಚೀನಾದ್ದಲ್ಲ, ಬ್ರೆಜಿಲ್‌ದು."

"ಮತ್ತ ಚೀನಾ ಯಾಕ ಅಂತಾರ?"

"ಬಳ್ಳಾರಿ ಜಾಲಿ ಬಳ್ಳಾರಿದೇನು? ಅದೂ ಆ ಅಮೆರಿಕಾ ಕಡೀದ."

ಬೆಳಿಗ್ಗೆ ಕಡಿಯುವುದೂ ಸೂಕನ್ ಮಾಮನೇ, ಸಂಜೆ ಹಣ್ಣು ಬಿಡಿಸುವುದೂ ಸೂಕನ್ ಮಾಮನೇ. ಇದೆಂಥ ನ್ಯಾಯ ಎಂದು ನಾನು ಸಿಡಿಮಿಡಿಗೊಂಡರೆ ಅಕ್ಕ ನನ್ನ ಕಡೆಗೇ ತಿರುಗಿದಳು. "ನಮ್ಮ ಜಾಲಿ ಹಂಗಲ್ಲೇನು? ಬೈಯೋದು ಅದಕ್ಕ, ಬೇಯಿಸೋದು ಅದರ ಕಟ್ಟಿಗೀಲೆ. ನೀ ಗ್ಯಾಸಿನ ಮ್ಯಾಲೆ ಅಡಗಿ ಮಾಡಾಕಿ, ನಿನಗ ಮರತದ."

ಗುಡ್ಡ

ಗುಡ್ಡ ಎಂದರೆ ನನ್ನ ಕಣ್ಣಲ್ಲಿ ರಾಯಚೂರಿನ ಕೋಟೆಯ ಗುಡ್ಡ. ಬಂಡೆ, ಬಿಸಿಲು, ಕಾಲಿಟ್ಟರೆ ಕಾಣುವ ದಾರಿ. ಇಲ್ಲಿ ಕೆಸರು, ಬೇರು, ತಲೆಯ ಮೇಲೆ ಹಸಿರು ಸೂರು. ಎರಡು ಸಲ ಜಾರಿ ಕೂತೆ. ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮುಂದೆ ಹೋಗಿ, ಮೇಲಿಂದ ನಿಂತು, "ಬಾರಬೇ ಟೀಚರಮ್ಮ, ಬೆಲ್ ಹೊಡದಾತು" ಎನ್ನುತ್ತಿದ್ದಳು. ಗೌತಮಿ ದಾರಿಯುದ್ದಕ್ಕೂ ತನ್ನ ಕೆಲಸ ವಿವರಿಸುತ್ತಿದ್ದಳು. ಕೆಲವು ಚೌಕಗಳಲ್ಲಿ ಪೊದೆ ಪೂರ್ತಿ ಕಡಿಸುವುದು, ಕೆಲವನ್ನು ಹಾಗೇ ಬಿಡುವುದು, ಎರಡನ್ನೂ ಹೋಲಿಸಿ ನೋಡುವುದು. ನಾನು ಹೂಂ, ಹೂಂ ಎಂದೆ. ನನ್ನ ಕಿವಿಯೆಲ್ಲ ಮಂಡಿಗೆ ಇಳಿದಿತ್ತು.

ಮೊದಲ ಚೌಕದಲ್ಲಿ ಸೂಕನ್ ಮಾಮನ ಆಳುಗಳು ಪೇರಲ ಪೊದೆಯನ್ನು ಬುಡದ ಹತ್ತಿರ ಕಡಿಯುತ್ತಿದ್ದರು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಕೈ ನಿಧಾನ, ಬುಡ ಮೇಲೆ ಬಿಡ್ತಾರ ಎಂದು ತೀರ್ಪು ಕೊಟ್ಟಳು. ಇನ್ನಷ್ಟು ಮೇಲೆ ಹತ್ತಿದರೆ ಇನ್ನೊಂದು ಚೌಕ. ನಾಲ್ಕು ಗೂಟ, ಸುತ್ತ ಕೆಂಪು ಪಟ್ಟಿ. ಉದ್ದಗಲ ನಮ್ಮ ಮನೆಯ ಪಡಸಾಲೆಯಷ್ಟು. ಒಳಗೆ ಬೆರಳು ತೂರದಷ್ಟು ಪೇರಲ. ಗೌತಮಿ ಮೊಣಕಾಲೂರಿ, ಒಂದು ಕೊಂಬೆ ಸರಿಸಿ, ನಮ್ಮನ್ನು ಹತ್ತಿರ ಕರೆದಳು.

ಪೊದೆಯ ಅಡಿಯ ಅರೆಗತ್ತಲಲ್ಲಿ ಸಣ್ಣ ಸಸಿಗಳು. ಒಂದೊಂದರ ಪಕ್ಕದಲ್ಲೂ ಅಂಕಿಯ ಬಿಲ್ಲೆ. ಒಂದರಿಂದ ಹನ್ನೊಂದು.

"ಇವು ಇಲ್ಲೀವು. ಕರಿಮರ. ನಮ್ಮ ಬೀಡಿ ಎಲಿ ಗಿಡದ ದಾಯಾದಿ ಅನ್ರಿ. ಮುಂಚೆ ಈ ಗುಡ್ಡೆಲ್ಲಾ ಇವ ಇದ್ದವು. ಈಗ ಈ ಇಳಿಜಾರಿಗೆ ಹಣ್ಣು ಬಿಡೋ ಹೆಣ್ಣು ಮರ ಅಂದ್ರ ಅದೊಂದ." ಮೇಲೆ ಕೈ ತೋರಿಸಿದಳು. ಕಪ್ಪು ತೊಗಟೆಯ ಒಂದು ಮುದಿಮರ, ಪೇರಲದ ಸಂತೆಯ ನಡುವೆ ಒಂಟಿ ನಿಂತಿತ್ತು. "ಅದರ ಮಕ್ಕಳು ಈ ಹನ್ನೊಂದು. ಮೂರು ವರ್ಷದಾಗ ನಾ ಕಂಡಿದ್ದು ಇಷ್ಟ."

ಅಕ್ಕ ಬಹಳ ಹೊತ್ತು ಬಾಗಿ ನೋಡಿದಳು. "ಅಯ್ಯ ಕೂಸೇ," ಎಂದಳು. ಗೌತಮಿಗೆ ಹೇಳಿದಳೋ ಸಸಿಗೆ ಹೇಳಿದಳೋ ತಿಳಿಯಲಿಲ್ಲ.

"ನೀವಿಬ್ರೂ ಇಲ್ಲೇ ಬಂಡಿಗಲ್ಲಿನ ಮ್ಯಾಲೆ ಕುಂದರ್ರಿ. ಮ್ಯಾಲಿನ ಚೌಕ ಅಳದು ಮೂರು ತಾಸಿಗೆ ಬರ್ತೀನಿ," ಎಂದು ಗೌತಮಿ ಹತ್ತಿ ಹೋದಳು.

ಮೂರು ತಾಸು

ಅಕ್ಕನನ್ನು ಕಳೆಯ ಮುಂದೆ ಮೂರು ತಾಸು ಕೂರಿಸುವುದು, ಹಸಿದವನ ಮುಂದೆ ಎಡೆ ಹಾಕಿ ಮುಟ್ಟಬೇಡ ಎಂದ ಹಾಗೆ. ಗೌತಮಿ ಮುಟ್ಟಬೇಡ ಎಂದೂ ಹೇಳಿರಲಿಲ್ಲ. ಗೂಟಕ್ಕೆ ಒಂದು ಬೋರ್ಡು ಹೊಡೆದಿತ್ತು, ಫ್ರೆಂಚಿನಲ್ಲಿ. ಅಕ್ಕ ಸೀರೆಯ ನೆರಿಗೆ ಎತ್ತಿ ಕಟ್ಟಿದಳು. ಚೀಲದಿಂದ ಕುಡುಗೋಲು ಹೊರಬಂತು.

"ಬಿಡು ಅಕ್ಕಾ, ಆಳು ಬಂದು ಕಡೀತಾರ," ಎಂದೆ ನಾನು, ಬಂಡೆಯ ಮೇಲಿಂದ.

"ಆ ಆಳು ಇಲ್ಲಿ ಬಂದು ಮುಟ್ಟೂತನ ಈ ಕೂಸುಗಳು ಉಸಿರು ಕಟ್ಟಿ ಸಾಯ್ತಾವ. ಕಳಿ ಅಂದ್ರೇನು ನೀ ಹೇಳು, ನೀ ಕಲಿಸಿದಾಕಿ."

ಬೆಳೆಯ ನೀರು, ಬೆಳಕು, ಆಹಾರ ಕಸಿಯುವ ಸಸ್ಯವೇ ಕಳೆ. ದೇವದುರ್ಗದಲ್ಲಿ ವರ್ಷ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ ಸಾಲು. ಹೇಳಿದೆ. ಹೇಳಿದ ಮೇಲೆ ನನಗೂ ಸುಮ್ಮನೆ ಕೂರಲು ನಾಚಿಕೆಯಾಗಿ ಇಳಿದೆ. ಅಕ್ಕ ಕಡಿದದ್ದನ್ನು ನಾನು ಎಳೆದು ಹೊರಗೆ ಒಟ್ಟಿದೆ.

ಅವಳ ಕೆಲಸ ನೀವು ನೋಡಬೇಕಿತ್ತು. ಒಂದು ಸಸಿಯ ಒಂದು ಎಲೆ ಅಲುಗಲಿಲ್ಲ. ಮಣ್ಣಿಗೆ ಹತ್ತಿ ಕುಡುಗೋಲು ಹಾಯಿಸುವಳು, ಸಣ್ಣವನ್ನು ಎರಡು ಬೆರಳಲ್ಲಿ ಹಿಡಿದು ಬೇರುಸಹಿತ ಕೀಳುವಳು, ಪ್ರತಿ ಸಸಿಯ ಸುತ್ತ ನೀರು ನಿಲ್ಲಲು ಅಂಗೈಯಗಲ ಮಡಿ ಮಾಡುವಳು. ಮಧ್ಯಾಹ್ನ ಹೊರಳುವ ಹೊತ್ತಿಗೆ ಚೌಕ ಗುಡಿಸಿದ ಅಂಗಳದ ಹಾಗಾಗಿತ್ತು. ಹನ್ನೊಂದು ಸಸಿಗಳು ಹನ್ನೊಂದು ದೀಪದ ಹಾಗೆ ಬಿಸಿಲಲ್ಲಿ ಹೊಳೆಯುತ್ತಿದ್ದವು. ನಾನೇ ಫೋಟೋ ತೆಗೆದೆ. ಅಕ್ಕ ಬೆವರು ಒರೆಸಿ, "ಈಗ ಉಂಡಿದ್ದು ಮೈಗೆ ಹತ್ತತದ ನೋಡು" ಎಂದಳು.

ಗೌತಮಿ ಇಳಿದು ಬಂದಳು. ಕೆಂಪು ಪಟ್ಟಿಯ ಹತ್ತಿರ ನಿಂತಳು. ಅವಳು ಕೂಗಾಡಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ಸಸಿಗಳನ್ನು ಎಣಿಸಿದಳು.

"ಯಾರು ಹೇಳಿದ್ರು ಯವ್ವಾ?"

"ಹೇಳಬೇಕೇನು? ಮಗಳ ಹೊಲ."

"ಇದು ಬಿಟ್ಟ ಚೌಕ. ನಾನ ಬೇಕಂತ ಬಿಟ್ಟಿದ್ದೆ."

"ಕಳೀನ ಯಾರಾದ್ರೂ ಬೇಕಂತ ಬಿಡ್ತಾರೇನ?"

"ಅದು ಕಳಿನೂ ಹೌದು, ಇವಕ್ಕ ನೆರಳೂ ಅದ. ಪ್ಯಾರಲ ಇವನ್ನ ಕೊಲ್ತದ, ಖರೆ. ಆದ್ರ ಇವು ಹುಟ್ಟಿದಾಗಿಂದ ಅದರ ಅಡಿಗೇ ಅದಾವ. ಅಳತಿ ಮುಗದ ಮ್ಯಾಲೆ ವರ್ಷಕ್ಕ ಎರಡು ಕೊಂಬಿ, ಮೂರು ಕೊಂಬಿ ತಗದು, ಈಟೀಟ ಬೆಳಕು ತೋರಿಸಬೇಕಂತಿದ್ದೆ. ಒಮ್ಮೆಲೆ ತಗದ್ರ ಬಿಸಿಲಿಗೆ ಸುಡ್ತಾವ." ಆಮೇಲೆ ನನ್ನ ಕಡೆ ನೋಡಿದಳು. "ಚಿಗವ್ವ. ನೀ ಸೈನ್ಸ್ ಟೀಚರ್."

ಎರಡು ಕುಂಡ ಇಟ್ಟು, ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಬಿಡಬೇಕು ಎಂದು ಮಕ್ಕಳಿಗೆ ತೋರಿಸಿದವಳು ನಾನು. ಹಾಗೇ ಬಿಟ್ಟ ಕುಂಡಕ್ಕೆ ಕೈ ಹಾಕಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದವಳೂ ನಾನೇ. ಆ ಗುಡ್ಡದಲ್ಲಿ ಬೆಂಚಿರಲಿಲ್ಲ.

ಹಂದರ

ಮರುದಿನ ಮಧ್ಯಾಹ್ನಕ್ಕೆ ಎಲೆಗಳು ಜೋತುಬಿದ್ದವು. ಅದರ ಮರುದಿನ ಅಂಚು ಕಂದು ಬಣ್ಣಕ್ಕೆ ತಿರುಗಿತು. ಗೌತಮಿ ಬೆಳಿಗ್ಗೆ ಸಂಜೆ ಹತ್ತಿ ಹೋಗಿ ನೋಡಿ ಬರುವಳು, ಪುಸ್ತಕದಲ್ಲಿ ಬರೆಯುವಳು, ನಮ್ಮೊಡನೆ ನಯವಾಗಿ ಮಾತಾಡುವಳು. ಆ ನಯ ಚುಚ್ಚುತ್ತಿತ್ತು. ಅಕ್ಕ ಊಟ ಬಿಟ್ಟಳು. ಬದನೆಕಾಯಿಯ ಸುದ್ದಿ ನಿಂತಿತು. ನನಗೆ ಇಬ್ಬರ ಮೇಲೂ ಸಿಟ್ಟು. ಮುಂಚೆಯೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಮಗಳ ಮೇಲೆ, ಕೇಳಬಾರದಿತ್ತೇ ಎಂದು ತಾಯಿಯ ಮೇಲೆ. ಇಬ್ಬರೂ ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಅವರಿಗೂ ಮೂರನೆಯವಳೊಬ್ಬಳ ಮೇಲೆ ಸಿಟ್ಟಿದ್ದುದು ತಿಳಿಯುತ್ತಿತ್ತು.

ಮೂರನೆಯ ಬೆಳಿಗ್ಗೆ ಅಕ್ಕ ಎದ್ದವಳೇ ಅಂಗಳದಲ್ಲಿದ್ದ ಸೂಕನ್ ಮಾಮನ ಹತ್ತಿರ ಹೋಗಿ, ಕೈಯಿಂದ ನೆಲದಲ್ಲಿ ಕಂಬ ನೆಟ್ಟ ಹಾಗೆ ಮಾಡಿ ತೋರಿಸಿ, ಏನೋ ಕೇಳಿದಳು. ಅವರು ಬಿದಿರು ತಂದರು. ಗೌತಮಿ ಬಾಗಿಲಿಗೆ ಬಂದು ನಿಂತಳು.

"ಬ್ಯಾಡ ಯವ್ವಾ. ಇನ್ನ ಏನೂ ಮುಟ್ಟಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ."

"ಮೆಣಸಿನ ಸಸಿ ಮಡಿಗೆ ನಾವು ಹಂದರ ಹಾಕಂಗಿಲ್ಲೇನು? ನೀ ಸಣ್ಣಾಕಿ ಇದ್ದಾಗ ಅದರ ಅಡಿಗೇ ಮಲಗಿಸಿ ಕೆಲಸ ಮಾಡೀನಿ. ಕಡದ ಕೊಂಬಿ ಅಲ್ಲೇ ಬಿದ್ದಾವ. ಅದರ ನೆರಳು ಕಳಕೊಂಡಾವ, ಅದರ ನೆರಳ ಕೊಡೂನು."

"ಅದು ಮೆಣಸಿನ ಸಸಿ ಅಲ್ಲ..."

"ಗೊತ್ತದ. ನನಗ ಇದರ ಹೆಸರು ಗೊತ್ತಿಲ್ಲ, ಬ್ಯಾನಿ ಗೊತ್ತದ," ಎಂದಳು ಅಕ್ಕ. ಆಮೇಲೆ, ಅವಳು ಮಗಳಿಗೆ ಎಂದೂ ಹೇಳದ ಮಾತು ಹೇಳಿದಳು. "ಈ ಸಲ ಕೇಳಾಕತ್ತೀನಿ ಗೌತಮಿ. ಹಾಕಲೇನು?"

ಗೌತಮಿ ಒಳಗೆ ಹೋಗಿ ತನ್ನ ಪುಸ್ತಕ ತಂದಳು. "ಒಂದೊಂದು ಕೊಂಬಿ ಇಡೂ ಮುಂದ ನನಗ ಹೇಳಬೇಕು. ನಾ ಬರಕೋತೀನಿ," ಎಂದಳು.

ಹತ್ತಿದೆವು. ನಾಲ್ಕು ಕಂಬ, ಮೇಲೆ ಬಿದಿರಿನ ಅಡ್ಡಗಳು, ಅದರ ಮೇಲೆ ನಾವೇ ಕಡಿದು ಒಟ್ಟಿದ್ದ ಪೇರಲ ಕೊಂಬೆಗಳು. ಆ ಎಲೆ ದಪ್ಪ, ತೊಗಲಿನ ಹಾಗೆ. ಮೂರು ದಿನವಾದರೂ ಉದುರಿರಲಿಲ್ಲ. ಪಡುವಣಕ್ಕೆ ದಟ್ಟ, ಮೂಡಣಕ್ಕೆ ತೆಳುವು. ಅಕ್ಕ ಒಂದೊಂದು ಕೊಂಬೆ ಎತ್ತಿ "ಇಡಲೇನು?" ಎನ್ನುವಳು, ಗೌತಮಿ "ಇಡು" ಎಂದು ಬರೆಯುವಳು. ನಲವತ್ತು ಕೊಂಬೆಗೆ ನಲವತ್ತು ಸಲ. ಕೆಳಗಿನಿಂದ ನೀರು ಹೊತ್ತು ತರುವ ಕೆಲಸ ನನ್ನದು. ಇಳಿದು ಹತ್ತಿ, ಇಳಿದು ಹತ್ತಿ, ನಾಲ್ಕನೆಯ ಕೊಡಕ್ಕೆ ನಾನು ಬ್ರೆಜಿಲನ್ನೂ ಬೈದೆ, ಬಳ್ಳಾರಿಯನ್ನೂ ಬೈದೆ.

ಅಂದಿನಿಂದ ನಮ್ಮ ಪ್ರವಾಸ ಎಂದರೆ ಆ ಗುಡ್ಡವೇ. ಸೂಕನ್ ಮಾಮ ಸಮುದ್ರಕ್ಕೆ ಕರೆದೊಯ್ಯುತ್ತೇನೆಂದು ಎರಡು ಭಾನುವಾರ ಬಂದರು. ಅಕ್ಕ "ನಕ್ಕೋ ಭಾಯ್" ಎಂದಳು. ಮೂರನೆಯ ಅಂಕಿಯ ಸಸಿ ಹೋಯಿತು. ಎಂಟು ಹೋಯಿತು. ಆಮೇಲೆ ಒಂದೇ ದಿನ ಒಂಬತ್ತು ಮತ್ತು ಹತ್ತು. ಹೋದ ದಿನ ಅಕ್ಕ ಬಿಲ್ಲೆಯನ್ನು ಕಿತ್ತು ಒರೆಸಿ ಗೌತಮಿಯ ಕೈಗೆ ಕೊಡುತ್ತಿದ್ದಳು. ಉಳಿದ ಏಳರಲ್ಲಿ ಐದನೆಯದರ ಎಲೆಗಳೆಲ್ಲ ಉದುರಿ ಬರಿ ಕಡ್ಡಿ ನಿಂತಿತ್ತು. ಗೌತಮಿ ಅದರ ಬಿಲ್ಲೆಗೂ ಕೈ ಹಾಕಿದಳು.

"ಉಗುರಿಲೆ ಗೀರಿ ನೋಡು," ಎಂದಳು ಅಕ್ಕ.

ಗೀರಿದಳು. ಒಳಗೆ ಹಸಿರು. ಬಿಲ್ಲೆ ಅಲ್ಲೇ ಉಳಿಯಿತು.

ಗೌತಮಿ ತನ್ನ ಮೇಲಿನವರಿಗೆ ಎಲ್ಲವನ್ನೂ ಬರೆದು ಕಳಿಸಿದ್ದಳು. ಕಡಿದದ್ದು ಯಾರು ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ. ನಾವು ಹೊರಡುವ ಹಿಂದಿನ ದಿನ, ಗುಡ್ಡದ ಮೇಲೆ ಹಂದರದ ಹತ್ತಿರ ಇದ್ದಾಗ, ಉತ್ತರ ಬಂತು: ಆ ಚೌಕವನ್ನು ಅಧ್ಯಯನದಿಂದ ಕೈಬಿಡಬೇಕು. ಮೂರು ವರ್ಷದ ಅಳತೆ ಹೋಯಿತು. ಅವಳು ಅದನ್ನು ಪಾಠ ಓದುವ ಹಾಗೆ ಓದಿ ಹೇಳಿದಳು.

"ಹಂಗಾದ್ರ ಇವನ್ನ ಕಿತ್ತು ಒಗೀತಾರೇನು?" ಎಂದಳು ಅಕ್ಕ.

"ಇಲ್ಲ ಯವ್ವಾ. ಇನ್ನ ಮ್ಯಾಲೆ ಅಳಿಯೋದಿಲ್ಲ, ಬರಿಯೋದಿಲ್ಲ. ಈಗ ಅವು ಬರೇ ಗಿಡ."

"ಬರೇ ಗಿಡ ಅಂದ್ರ ಸಣ್ಣದೇನು?" ಎಂದಳು ಅಕ್ಕ. ಗೌತಮಿ ನಕ್ಕಳು. ನಗುತ್ತ ಅತ್ತಳು. ಹಂದರದ ಕಂಬ ಹಿಡಿದು 'ಅಲುಗಾಡಿಸಬ್ಯಾಡ' ಎಂದು ಬೈಸಿಕೊಂಡಳು.

ಮತ್ತೆ ಹಿರೇಕೊಟ್ನೆಕಲ್

ಊರಿಗೆ ಬಂದು ತಿಂಗಳಾಯಿತು. ಅಕ್ಕನ ಕುಡುಗೋಲನ್ನು ಇಲ್ಲಿ ಯಾರೂ ತೊಳೆದು ಕೊಡಲಿಲ್ಲ. ಅವಳು ಬೆಳಗಾಗುವ ಮುಂಚೆ ಎದ್ದು ಗೌತಮಿಗೆ ಫೋನು ಮಾಡುತ್ತಾಳೆ. ಅಲ್ಲಿ ನಮಗಿಂತ ಒಂದೂವರೆ ತಾಸು ಹಿಂದೆ ಎಂದು ಎಷ್ಟು ಹೇಳಿದರೂ, "ಸೂರ್ಯ ಒಬ್ಬನ ಅಲ್ಲೇನು?" ಎನ್ನುತ್ತಾಳೆ. ಹಂದರದ ಮೇಲೆ ಎಷ್ಟು ಕೊಂಬೆ ಉಳಿದಿವೆ, ಯಾವುದನ್ನು ಎಂದು ತೆಗೆಯಬೇಕು ಎಂಬುದೆಲ್ಲ ಇಲ್ಲಿಂದಲೇ ನಿರ್ಧಾರ. ಬಾಣಂತಿ ಕೂಸನ್ನು ಹೊರಗೆ ತೋರಿಸುವ ಹಾಗೆ, ಮೊದಲು ಮುಂಜಾನೆಯ ಬಿಸಿಲು, ಆಮೇಲೆ ಇಳಿಹೊತ್ತಿನದು.

ಮೊನ್ನೆ ನಾನು ಹೋದಾಗ ಅವಳು ನಾಲ್ಕು ಜನ ಹೆಂಗಸರೊಡನೆ ಒಂದು ಹೊಲದ ಬದುವಿನ ಜಾಲಿ ಕಡಿಯಲು ಹೋಗಿದ್ದಳು. ಅಜ್ಜಿಯ ಮಾತಿಗೆ ಕಟ್ಟುಬಿದ್ದು ನಾನೂ ಹೋದೆ. ಉಳಿದವರು ಬದುವಿನ ಅರ್ಧಕ್ಕೆ ಮುಟ್ಟಿದ್ದರು. ಅಕ್ಕ ಮೊದಲ ಪೊದೆಯ ಹತ್ತಿರವೇ ಇದ್ದಳು. ನೆಲಕ್ಕೆ ಕಿವಿ ಹಚ್ಚುವಷ್ಟು ಬಾಗಿ, ಮುಳ್ಳಿನ ಕೊಂಬೆಯ ಕೆಳಗೆ ಇಣುಕುತ್ತಿದ್ದಳು.

"ಹೊಳ್ಳಿ ಬಂದಾಗಿಂದ ಹಿಂಗ ನೋಡ್ರೀ ಟೀಚರ್," ಎಂದು ಅವಳ ಜೋಡಿನವಳು ದೂರು ಹೇಳಿದಳು. "ಒಂದೊಂದು ಜಾಲಿ ಮುಂದೂ ಕುಂತು, ಒಳಗ ಯಾರದೀರಿ ಅಂತ ಕೇಳ್ತಾಳ. ಇವತ್ತು ಈ ಬದು ಮುಗಿಯಂಗಿಲ್ಲ."

"ಏ ಬಾ ಇಲ್ಲಿ," ಎಂದು ಅಕ್ಕ ನನ್ನನ್ನು ಕರೆದಳು. "ಈ ಕೊಂಬಿ ಎತ್ತಿ ಹಿಡಿ. ಮ್ಯಾಲೆ, ಇನ್ನೂ ಮ್ಯಾಲೆ."

ಎತ್ತಿ ಹಿಡಿದೆ. ಒಳಗೆ ಗೇಣುದ್ದದ ಒಂದು ಬೇವಿನ ಸಸಿ. ಜಾಲಿಯ ಮೇಲೆ ಕೂತ ಯಾವ ಹಕ್ಕಿ ಉದುರಿಸಿತ್ತೋ. ಮುಳ್ಳಿನ ದೆಸೆಯಿಂದ ಆಡು ಮುಟ್ಟಿರಲಿಲ್ಲ.

ಅಷ್ಟರಲ್ಲಿ ನನ್ನ ಫೋನು ಬಡಿಯಿತು. ಇನ್ನೊಂದು ಕೈಯಿಂದ ಎತ್ತಿ ಅಕ್ಕನ ಕಿವಿಗೆ ಹಿಡಿದೆ. ಗೌತಮಿಯ ದನಿ ನನಗೂ ಕೇಳುತ್ತಿತ್ತು. "ಯವ್ವಾ, ಐದನೇದು ಚಿಗತೈತಿ! ಕೆಂಪನ್ನ ಎರಡು ಎಲಿ!"

ಅಕ್ಕನ ಕಣ್ಣು ಬೇವಿನ ಸಸಿಯ ಮೇಲೇ ಇತ್ತು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೂಡಣದ ಕಡಿಗೆ ಎಷ್ಟು ಕೊಂಬಿ ಅದಾವ?"

"ಎರಡು."

"ಒಂದು ತಗಿ. ಪಡುವಣದ್ದು ಮುಟ್ಟಬ್ಯಾಡ."

ಆಮೇಲೆ ಕುಡುಗೋಲು ಎತ್ತಿಕೊಂಡು, ಈ ಜಾಲಿಯ ಮೂಡಣ ಮಗ್ಗುಲನ್ನು ಮೆಲ್ಲಗೆ, ಒಂದೊಂದೇ ಕೊಂಬೆ ಲೆಕ್ಕ ಹಾಕಿ ಬಿಡಿಸತೊಡಗಿದಳು. ಆಚೆಯಿಂದ ಹೆಂಗಸರು ಕೂಗುತ್ತಿದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ನನ್ನ ಅಂಗೈಗೆ ಆಗಲೇ ಎರಡು ಮುಳ್ಳು ನೆಟ್ಟಿದ್ದವು.

"ಅಕ್ಕಾ, ಬಿಡಲೇನು?" ಎಂದೆ.

"ಹಿಡಿ," ಎಂದಳು. ಹಿಡಿದೆ.